ಮಗುವಿಗೆ ಹೃದಯ ಕಸಿ ಬೇಕು ಅಂದಾಗ ದುಡ್ಡಿನ ಕಡೆ ಹೇಗೆ ನೋಡಿಕೊಳ್ಳಬೇಕು

ಅಕ್ಕನ ಮಗನಿಗೆ ಆಗ ಏಳು ತಿಂಗಳು. ಹಾಲು ಕುಡಿಯುವಾಗ ಹಣೆಯೆಲ್ಲ ಬೆವರುತ್ತಿತ್ತು. ನಾಲ್ಕು ಗುಟುಕು ಕುಡಿದು ಸುಸ್ತಾಗಿ ಬಿಟ್ಟುಬಿಡುತ್ತಿದ್ದ. ಎಕೋ (ಹೃದಯದ ಸ್ಕ್ಯಾನ್) ಮಾಡಿದ ಡಾಕ್ಟರು, ಹೃದಯದ ಸ್ನಾಯು ಹಿಗ್ಗಿ ಸೋತಿದೆ, ಔಷಧಿಗೆ ಬಗ್ಗದಿದ್ದರೆ ಕಸಿಯೇ ದಾರಿ ಅಂದರು. ಅಕ್ಕ, ಭಾವ ತಿಪಟೂರಿನ ಪಕ್ಕದ ಹಳ್ಳಿಯವರು. ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಹಾಗಾಗಿ ಲೆಕ್ಕ ನನ್ನ ಪಾಲಿಗೆ ಬಂತು. ಆವತ್ತು ಶುರು ಮಾಡಿದ ಉದ್ದನೆಯ ಪುಸ್ತಕವನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ಇದು. ದುಡ್ಡಿನ ವಿಷಯವನ್ನು ಅಪ್ಪ ಅಮ್ಮನ ಕೈಯಿಂದ ತೆಗೆದು ಮನೆಯ ಇನ್ನೊಬ್ಬರಿಗೆ ಕೊಡಿ. ಚಿಕ್ಕಪ್ಪ, ಅತ್ತೆ, ಯಾರಾದರೂ ಸರಿ. ಐಸಿಯು ಬಾಗಿಲಲ್ಲಿ ನಿಂತವರಿಗೆ ಕೂಡಿಸಿ ಕಳೆಯುವ ತಲೆ ಇರುವುದಿಲ್ಲ. ಮೊದಲ ವಾರದಲ್ಲೇ ಭಾವ ಎರಡು ಹಸು ಮಾರಿಬಿಟ್ಟರು. ದಿನಾ ಡೇರಿಗೆ ಹಾಲು ಹಾಕಿ ಮನೆ ನಡೆಯುತ್ತಿದ್ದದ್ದೇ ಆ ಹಸುಗಳಿಂದ. ನಾನು ಎರಡು ದಿನ ಮುಂಚೆ ಹೋಗಿದ್ದರೆ ತಡೆಯುತ್ತಿದ್ದೆ. ದಿನದ ಆದಾಯ ತರುವುದನ್ನು ಕೊನೆಯವರೆಗೂ ಮಾರಬೇಡಿ. ಚಿನ್ನ ಇದ್ದರೆ ಬ್ಯಾಂಕಿನಲ್ಲಿ ಅಡ ಇಡಿ. ಮೀಟರ್ ಬಡ್ಡಿಯವರ ಹತ್ತಿರ ಮಾತ್ರ ಹೋಗಲೇಬೇಡಿ.

ಆಮೇಲೆ ಆಸ್ಪತ್ರೆಯಿಂದ ಎಸ್ಟಿಮೇಟ್ ಕೇಳಿ. ಲೆಟರ್‌ಹೆಡ್‌ನಲ್ಲಿ, ಸಹಿ, ಸೀಲು ಸಮೇತ. ನಮ್ಮದು ಇಪ್ಪತ್ತು ಲಕ್ಷ ದಾಟಿತ್ತು. ಆ ಕಾಗದದಲ್ಲಿ ಏನೇನು ಸೇರಿಲ್ಲ ಅಂತ ಬಿಡಿಸಿ ಕೇಳುವುದು ಮುಖ್ಯ. ದಾನಿಯ ಹೃದಯ ತರುವ ಆಂಬುಲೆನ್ಸ್ ಅಥವಾ ವಿಮಾನದ ಖರ್ಚು ಯಾರದ್ದು? ಮಗು ಐಸಿಯುನಲ್ಲಿ ಜಾಸ್ತಿ ದಿನ ಇದ್ದರೆ? ಆಮೇಲಿನ ಬಯಾಪ್ಸಿ (ಹೃದಯದ ಚೂರು ತೆಗೆದು ಮಾಡುವ ಪರೀಕ್ಷೆ)? ಹೃದಯಕ್ಕಂತೂ ಬೆಲೆ ಇಲ್ಲ. ದುಃಖದಲ್ಲಿರುವ ಒಂದು ಕುಟುಂಬ ಅದನ್ನು ಸುಮ್ನೆ ಕೊಡುತ್ತದೆ. ಕರ್ನಾಟಕದಲ್ಲಿ ಕಾಯುವವರ ಪಟ್ಟಿ ನೋಡಿಕೊಳ್ಳುವುದು ಸರ್ಕಾರದ ಜೀವಸಾರ್ಥಕತೆ ಅನ್ನುವ ಸಂಸ್ಥೆ. ದುಡ್ಡು ಕೊಟ್ಟರೆ ಹೆಸರು ಮೇಲೆ ತರುತ್ತೇವೆ ಅಂತ ಯಾರೇ ಬಂದರೂ ನಂಬಬೇಡಿ. ಅಂಗಾಂಗ ಮಾರುವುದು, ಕೊಳ್ಳುವುದು 1994ರ ಕಾಯ್ದೆ ಪ್ರಕಾರ ಅಪರಾಧ.

ಎಸ್ಟಿಮೇಟ್ ಕೈಗೆ ಬಂದ ದಿನವೇ ಕಾಗದಪತ್ರ ಒಟ್ಟು ಮಾಡಿ. ಮಗುವಿನ ಜನನ ಪ್ರಮಾಣಪತ್ರ, ಮಗುವಿನ ಆಧಾರ್ (ಐದು ವರ್ಷದೊಳಗೆ ಬೆರಳಚ್ಚು ಬೇಡ), ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು, ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ. ನಮ್ಮ ಕಾರ್ಡಿಗೆ ಮಗುವಿನ ಹೆಸರು ಸೇರಿಸಿರಲಿಲ್ಲ. ಅದೊಂದಕ್ಕೇ ಮೂರು ಸಲ ಬಸ್ಸು ಹತ್ತಿದೆ. ಎಲ್ಲದರದ್ದೂ ಹತ್ತು ಜೆರಾಕ್ಸ್ ಇಟ್ಟುಕೊಳ್ಳಿ.

ಬಿಪಿಎಲ್ ಕಾರ್ಡ್ ಇದ್ದರೆ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ (ಸರ್ಕಾರಿ ಆರೋಗ್ಯ ಯೋಜನೆಗೆ ಸಹಾಯ ಮಾಡುವ ಸಿಬ್ಬಂದಿ) ಎಲ್ಲಿ ಕೂರುತ್ತಾರೆ ಅಂತ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅಂಗಾಂಗ ಕಸಿಗೆ ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಬೇರೆಯೇ ಯೋಜನೆ ಇದೆ, ಹೃದಯವೂ ಅದರಲ್ಲಿ ಸೇರಿದೆ. ಆದರೆ ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿರಬೇಕು, ಮಂಜೂರಾತಿ ಆಪರೇಷನ್‌ಗಿಂತ ಮುಂಚೆ ಆಗಬೇಕು. ಮೊದಲು ಕಟ್ಟಿ ಆಮೇಲೆ ಕೇಳೋಣ ಅಂದರೆ ಕೈ ತಪ್ಪುತ್ತದೆ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೂ ಅರ್ಜಿ ಹಾಕಿ. ಶಾಸಕರ, ಸಂಸದರ ಕಚೇರಿಯಲ್ಲಿ ಇದನ್ನು ತಿಳಿದವರು ಒಬ್ಬರಾದರೂ ಇರುತ್ತಾರೆ. ಕಂಪನಿ ಕೆಲಸದವರಾದರೆ ಮಗುವಿನ ಹೆಸರನ್ನು ವಿಮೆಗೆ ಕೂಡಲೇ ಸೇರಿಸಿ, ಇಎಸ್‌ಐ ಇದೆಯಾ ನೋಡಿ, ಪಿಎಫ್‌ನಲ್ಲಿ ಕಾಯಿಲೆಗೆ ಅಂತ ಅಡ್ವಾನ್ಸ್ ತೆಗೆಯಬಹುದು. ದೂರದ ಊರಿನವರಿಗೆ ಇನ್ನೊಂದು ಮಾತು: ಹೃದಯದ ಆಪರೇಷನ್‌ಗೆ ಹೋಗುವ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲಿನ ಸ್ಲೀಪರ್‌ನಲ್ಲಿ ಶೇ. 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ಅದರ ಫಾರಂ ಬರೆಸಿಕೊಳ್ಳಿ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದದ್ದು. ನಮ್ಮನ್ನು ಹಿಂಡಿದ್ದು ಆಪರೇಷನ್ ಅಲ್ಲ, ಕಾಯುವುದು. ದೇಹದಿಂದ ತೆಗೆದ ಹೃದಯವನ್ನು ಸುಮಾರು ನಾಲ್ಕು ಗಂಟೆಯೊಳಗೆ ಜೋಡಿಸಬೇಕು. ಹಾಗಾಗಿ ಆಸ್ಪತ್ರೆಯ ಹತ್ತಿರವೇ ಇರಿ ಅಂದರು. ಮಗುವಿಗೆ ಒಪ್ಪುವ ಅಳತೆಯ ಹೃದಯ ಸಿಗಬೇಕು, ರಕ್ತದ ಗುಂಪೂ ನೋಡಬೇಕು. ಯಾವತ್ತು ಅಂತ ಯಾರೂ ಹೇಳಲಾರರು. ಬೆಂಗಳೂರಿನಲ್ಲಿ ಒಂದು ರೂಮು ಹಿಡಿದೆವು. ಕಿಟಕಿ ಒಂದೇ, ನೀರು ಬೆಳಗ್ಗೆ ಮಾತ್ರ. ಆರು ತಿಂಗಳು ಕಾದೆವು. ಪುಸ್ತಕದಲ್ಲಿ ಹೀಗಿದೆ: ಬಾಡಿಗೆ 51,000. ಊಟ, ಆಟೋ 72,000. ಔಷಧಿ, ಎಕೋ 30,000. ಭಾವ ಕೆಲಸ ಬಿಟ್ಟು ಕಳೆದುಕೊಂಡ ದುಡಿಮೆ 1,08,000. ಒಟ್ಟು 2,61,000. ಇದಕ್ಕೆ ಯಾವ ಯೋಜನೆಯಲ್ಲೂ ನಮಗೆ ಒಂದು ರೂಪಾಯಿ ಸಿಗಲಿಲ್ಲ. ಪ್ರಧಾನಮಂತ್ರಿ ಪರಿಹಾರ ನಿಧಿಯ ದುಡ್ಡೂ ನೇರವಾಗಿ ಆಸ್ಪತ್ರೆಗೇ ಹೋಗುತ್ತದೆ.

ಅದಕ್ಕೇ ಎರಡು ಖಾತೆ ಮಾಡಿ. ನೆಂಟರು, ಊರವರು ಕೈಗೆ ಕೊಟ್ಟ ದುಡ್ಡನ್ನು ಪೂರ್ತಿ ಕಾಯುವ ದಿನಗಳಿಗೆ ಇಡಿ. ಆಸ್ಪತ್ರೆ ಬಿಲ್ಲಿಗೆ ಯೋಜನೆ, ಟ್ರಸ್ಟು, ಆನ್‌ಲೈನ್‌ನಲ್ಲಿ ಎತ್ತುವ ದುಡ್ಡು. ಆನ್‌ಲೈನ್‌ನಲ್ಲಿ ಕೇಳುವುದಾದರೆ ದುಡ್ಡು ನೇರ ಆಸ್ಪತ್ರೆ ಖಾತೆಗೆ ಹೋಗಲಿ, ಕೊಡುವವರಿಗೂ ನಂಬಿಕೆ ಬರುತ್ತದೆ. ದುಡ್ಡು ಎತ್ತಿಕೊಡುವ ವೆಬ್‌ಸೈಟಿನವರು ಎಷ್ಟು ಫೀಸು ಹಿಡಿಯುತ್ತಾರೆ ಅಂತ ಮೊದಲೇ ಓದಿ. ಮಗುವಿನ ಫೋಟೋ ಹಾಕುವ ಮುಂಚೆ ಅಮ್ಮನನ್ನು ಕೇಳಿ. ಅಕ್ಕ ಮುಖ ಕಾಣದ ಫೋಟೋ ಮಾತ್ರ ಕೊಟ್ಟಳು. ಬೆರಳು ಹಿಡಿದ ಪುಟ್ಟ ಕೈ, ಅದರ ಮೇಲೆ ಸೂಜಿಯ ಪ್ಲಾಸ್ಟರು. ಅಷ್ಟೇ ಸಾಕಾಯಿತು.

ಐಸಿಯುನಲ್ಲಿದ್ದಾಗ ಪ್ರತಿ ಸಂಜೆ ಆವತ್ತಿನವರೆಗಿನ ಬಿಲ್ ಕೇಳಿ ಬರೆದುಕೊಳ್ಳಿ. ಒಡೆಯದ ಔಷಧಿಗಳನ್ನು ಡಿಸ್ಚಾರ್ಜ್‌ಗೆ ಮುಂಚೆ ಫಾರ್ಮಸಿಗೆ ವಾಪಸ್ ಮಾಡಿಸಿ. ನಮಗೆ ಒಂದೇ ಸಲ 11,400 ಕಡಿಮೆಯಾಯಿತು.

ಕಸಿ ಆದ ಮೇಲೂ ಖರ್ಚು ನಿಲ್ಲುವುದಿಲ್ಲ. ಹೊಸ ಹೃದಯವನ್ನು ದೇಹ ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್‌ನಂಥ ಔಷಧಿ ಜೀವನಪೂರ್ತಿ ಬೇಕು, ಜೊತೆಗೆ ಆಗಾಗ ರಕ್ತಪರೀಕ್ಷೆ. ನಮ್ಮ ಹುಡುಗನಿಗೆ ಈಗ ಮೂರು ವರ್ಷ. ಬೆಳಗ್ಗೆ ಎಂಟು, ರಾತ್ರಿ ಎಂಟು, ಗಡಿಯಾರ ನೋಡಿ ಕೊಡುತ್ತೇವೆ. ಅಂಗಡಿಯವರು ಕಡಿಮೆ ಬೆಲೆಗೆ ಬೇರೆ ಕಂಪನಿಯದ್ದು ಕೊಡುತ್ತೇನೆ ಅಂದರೆ ಡಾಕ್ಟರನ್ನು ಕೇಳದೆ ತಗೋಬೇಡಿ, ರಕ್ತದಲ್ಲಿ ಔಷಧಿಯ ಮಟ್ಟ ಏರುಪೇರಾಗಬಹುದು. ನಮ್ಮೂರಿನಲ್ಲಿ ಅದು ಸಿಗುವುದಿಲ್ಲ. ಅದಕ್ಕೆ ಎರಡು ವಾರದ್ದು ಯಾವಾಗಲೂ ಮುಂಗಡ ಇಟ್ಟಿರುತ್ತೇವೆ. ಡಬ್ಬಿಯಲ್ಲಿ ಹದಿನಾಲ್ಕು ದಿನದ್ದು ಉಳಿದ ದಿನವೇ ನಾನು ಬೆಂಗಳೂರಿಗೆ ಫೋನ್ ಮಾಡುತ್ತೇನೆ.