ಕಾರಿನ ನಿಜವಾದ ಮೈಲೇಜ್: ಮೊದಲು ಅಳೆಯಿರಿ, ಆಮೇಲೆ ರಿಪೇರಿ

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಒಂದು ಅಂದಾಜು. ಹಲವು ಕಾರುಗಳಲ್ಲಿ ಅದು ನಿಜಕ್ಕಿಂತ ಹೆಚ್ಚೇ ಇರುತ್ತದೆ. ಕಂಪನಿಗಳು ಹೇಳುವ ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ) ಅಂಕಿ ಪ್ರಯೋಗಾಲಯದ ರೋಲರ್ ಮೇಲೆ ಸಿಕ್ಕಿದ್ದು. ಅಲ್ಲಿ ಮಂಗಳೂರು ನಂತೂರಿನ ಟ್ರಾಫಿಕ್ ಬ್ಲಾಕೂ ಇಲ್ಲ, ಮಣಿಪಾಲದ ಏರೂ ಇಲ್ಲ.

ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಬಂಕಿಗೆ ಹೋಗಿ. ನಾಝಲ್ ತಾನಾಗಿ ಮೊದಲ ಸಲ ಕಟ್ ಆದಲ್ಲಿಗೇ ನಿಲ್ಲಿಸಲು ಹೇಳಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ರೌಂಡ್ ಫಿಗರಿಗೆಂದು ಮತ್ತೆ ಹಾಕಿಸಿದರೆ ಲೆಕ್ಕವೂ ಕೆಡುತ್ತದೆ, ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೂ ಪೆಟ್ರೋಲ್ ನುಗ್ಗಬಹುದು. ಕನಿಷ್ಠ 300 ಕಿ.ಮೀ. ಓಡಿದ ಮೇಲೆ ಅದೇ ಬಂಕಿನಲ್ಲಿ, ಅದೇ ನಾಝಲ್‌ನಲ್ಲಿ, ಕಾರನ್ನು ಅದೇ ದಿಕ್ಕಿಗೆ ನಿಲ್ಲಿಸಿ ತುಂಬಿಸಿ. 412 ಕಿ.ಮೀ.ಗೆ 24.6 ಲೀಟರ್ ಹಿಡಿದರೆ ಮೈಲೇಜ್ 16.7.

ಕಟ್ ಆಗುವ ಮಟ್ಟದಲ್ಲೇ ಅರ್ಧ ಲೀಟರ್ ಆಚೀಚೆ ಆಗುವುದುಂಟು. 8 ಲೀಟರ್ ಹಾಕಿಸಿದರೆ ಅದು ಶೇ. 6ರಷ್ಟು ತಪ್ಪು, 25 ಲೀಟರಿಗೆ ಶೇ. 2 ಮಾತ್ರ. ಹಾಗಾಗಿ ಮೂರು ಟ್ಯಾಂಕಿನ ಒಟ್ಟು ಕಿ.ಮೀ.ಯನ್ನು ಒಟ್ಟು ಲೀಟರಿನಿಂದ ಭಾಗಿಸಿ. ಪೇಟೆಯ ಓಡಾಟ, ಹೈವೇ ಓಡಾಟ ಎಷ್ಟೆಷ್ಟು ಎಂದು ಪಕ್ಕದಲ್ಲಿ ಬರೆದಿಡಿ. ನೀರು ನಿಂತ ಆಷಾಢದ ರಸ್ತೆಯ ಲೆಕ್ಕವನ್ನು ಜನವರಿಯದರ ಜತೆ ತೂಗಬೇಡಿ. ಇನ್ನೊಂದು: ಶೇ. 20 ಎಥೆನಾಲ್ ಇರುವ ಪೆಟ್ರೋಲಿನಲ್ಲಿ ಲೀಟರಿಗೆ ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ. 6–7 ಕಡಿಮೆ. ಹಳೆಯ ಪುಸ್ತಕದ ಲೆಕ್ಕ ನೋಡಿ ಎಂಜಿನ್ ಕೆಟ್ಟಿತೆಂದು ಹೆದರುವ ಮೊದಲು ಇದನ್ನು ಕಳೆಯಿರಿ.

ಇನ್ನು ಸುಧಾರಣೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಲಾಭವಾಯಿತೆಂದು ಗೊತ್ತಾಗುವುದಿಲ್ಲ. ಮೊದಲು ಟಯರಿನ ಗಾಳಿ. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲಿದೆ. ಬೆಳಿಗ್ಗೆ ಹೊರಡುವ ಮೊದಲೇ ನೋಡಿ. ಓಡಿ ಬಿಸಿಯಾದ ಟಯರ್ 3–4 ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆ ಬೀಳುತ್ತದೆ.

ನಮ್ಮ ಕರಾವಳಿಯಲ್ಲಿ ಅದಕ್ಕಿಂತ ಹೆಚ್ಚು ಗಮನ ಬೇಕಾದದ್ದು ಬ್ರೇಕ್. ಉಪ್ಪುಗಾಳಿ, ಮಳೆ ಸೇರಿ ಕ್ಯಾಲಿಪರಿನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿನ್ ತುಕ್ಕು ಹಿಡಿದರೆ ಪ್ಯಾಡ್ ಡಿಸ್ಕನ್ನು ಪೂರ್ತಿ ಬಿಡುವುದಿಲ್ಲ. ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಹಿಂದಿನ ಶೂ ಡ್ರಮ್ಮಿಗೇ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು ಉತ್ತಮ. ಪರೀಕ್ಷೆ ಸುಲಭ: ಬ್ರೇಕ್ ಹೆಚ್ಚು ಬಳಸದೆ ಹತ್ತು ಕಿ.ಮೀ. ಓಡಿಸಿ, ಪ್ರತಿ ಚಕ್ರದ ಹತ್ತಿರ ಕೈ ಹಿಡಿಯಿರಿ. ಒಂದೇ ಚಕ್ರ ಸುಡುತ್ತಿದ್ದರೆ ಅಲ್ಲೇ ಪೆಟ್ರೋಲ್ ಪೋಲಾಗುತ್ತಿದೆ ಎಂದು ತಿಳಿಯಿರಿ.

ಹೆದ್ದಾರಿ 66ರಲ್ಲಿ ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಮೀರುತ್ತದೆ. ಬಳಸದ ರೂಫ್ ಕ್ಯಾರಿಯರ್ ಬಿಚ್ಚಿಡಿ. ಮಣಿಪಾಲದಿಂದ ಉಡುಪಿಗೆ ಇಳಿಯುವಾಗ ನ್ಯೂಟ್ರಲ್ ಬೇಡ: ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲ್ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಐಡಲಿಂಗಿಗೆ ಸುಡುತ್ತಲೇ ಇರುತ್ತದೆ. ಏರಿನಲ್ಲಿ ಎಂಜಿನ್ ನಡುಗುವಷ್ಟು ಮೇಲಿನ ಗೇರ್ ಹಿಡಿಯುವುದೂ ತಪ್ಪು.

ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತಕ್ಕೆ ದುಡ್ಡು ಹಾಕಬೇಡಿ. ಇಷ್ಟಾದರೂ ಮೈಲೇಜ್ ಏರದೆ, ಅರ್ಧ ಗಂಟೆ ಓಡಿದ ಮೇಲೂ ಟೆಂಪರೇಚರ್ ಮುಳ್ಳು ಎಂದಿನ ಜಾಗಕ್ಕೆ ಬಾರದಿದ್ದರೆ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ತಡೆದಿಡುವ ವಾಲ್ವ್) ತೆರೆದೇ ಸಿಕ್ಕಿಕೊಂಡಿರಬಹುದು. ಎಂಜಿನ್ ತಣ್ಣಗಿದೆಯೆಂದು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಕೊಡುತ್ತಿರುತ್ತದೆ. ಮೆಕ್ಯಾನಿಕ್‌ಗೆ ಮೊದಲು ಅದನ್ನೇ ನೋಡಲು ಹೇಳಿ.