ಯುಗಾದಿಗೆ ಹಚ್ಚಿದ್ದು ಒಣಗಿತು, ಮಿರಗಕ್ಕೆ ಹಾಕಿದ್ದು ಚಿಗುರಿತು

ನಮ್ಮ ಮನೆ ಗಂಗಾವತಿಯಲ್ಲಿ. ಅಂಗಳ ಅಂತ ಒಂದು ಗೇಣು ಜಾಗವಿಲ್ಲ, ಇರುವುದು ಮಾಳಿಗೆ, ಅಂದರೆ ತಾರಸಿ ಮಾತ್ರ. ಆದರೆ ಊರು ದಾಟಿದರೆ ಸಾಕು, ತುಂಗಭದ್ರಾ ಎಡದಂಡೆ ಕಾಲುವೆ ನೀರಿಗೆ ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ಅದನ್ನು ನೋಡಿ ನೋಡಿ, ನೀರೊಂದಿದ್ದರೆ ಇಲ್ಲಿ ಏನು ಹಾಕಿದರೂ ಬೆಳೆಯುತ್ತದೆ ಅಂದುಕೊಂಡಿದ್ದೆ. ಯುಗಾದಿ ಮುಗಿದ ವಾರವೇ ನರ್ಸರಿಯಿಂದ ಟೊಮೆಟೊ, ಬದನೆ, ಮೆಣಸಿನ ಸಸಿ ತಂದೆ. ಹೊಲದಿಂದ ಕಪ್ಪು ಎರೆಮಣ್ಣು ತರಿಸಿ ಕುಂಡಕ್ಕೆ ತುಂಬಿದೆ. ದಿನಕ್ಕೆ ಎರಡು ಸಲ ನೀರು ಹಾಕಿದೆ. ಮೇ ಮೊದಲ ವಾರಕ್ಕೆ ಒಂದು ಸಸಿಯೂ ಉಳಿದಿರಲಿಲ್ಲ.

ತುಂಬಾ ಬೇಜಾರಾಯಿತು. ಒಂದು ಕುಂಡವನ್ನು ಮಾಳಿಗೆ ಮೇಲೆ ಬೋರಲು ಹಾಕಿ ನೋಡಿದೆ. ಎರೆಮಣ್ಣು ಹಸಿ ಇದ್ದಾಗ ಉಬ್ಬುತ್ತದೆ, ಕೈಗೆ ಹಿಟ್ಟಿನಂತೆ ಅಂಟುತ್ತದೆ. ಒಣಗಿದರೆ ಕುಗ್ಗುತ್ತದೆ. ಬೇಸಿಗೆ ಹೊಲದಲ್ಲಿ ಬಿರುಕು ಬಿಡುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ, ಅದೇ ಕೆಲಸ ಕುಂಡದಲ್ಲೂ ನಡೆದಿತ್ತು. ಮಣ್ಣು ಗಟ್ಟಿ ಮುದ್ದೆಯಾಗಿ ಕುಂಡದ ಗೋಡೆಯಿಂದ ಬೆರಳು ತೂರುವಷ್ಟು ದೂರ ಸರಿದಿತ್ತು. ನಾನು ಹಾಕಿದ ನೀರು ಆ ಸಂದಿಯಲ್ಲಿ ಇಳಿದು ಕೆಳಗಿನ ತೂತಿನಿಂದ ಹೊರಗೆ ಹೋಗುತ್ತಿತ್ತು. ಮುದ್ದೆ ಒಡೆದರೆ ಒಳಗೆ ಬೇರು ಒಣ ದಾರದಂತೆ ಇತ್ತು. ಇನ್ನೊಂದು ಕುಂಡದಲ್ಲಿ ಇದರ ಉಲ್ಟಾ. ತೂತು ಮುಚ್ಚಿಕೊಂಡು ನೀರು ಅಲ್ಲೇ ನಿಂತು, ಬೇರು ಕೊಳೆತು ವಾಸನೆ ಬರುತ್ತಿತ್ತು. ಎರಡಕ್ಕೂ ನಾನು ಒಂದೇ ಅಳತೆಯ ನೀರು ಹಾಕಿದ್ದೆ.

ಸಂತೆಯಲ್ಲಿ ತಪ್ಪಲ ಪಲ್ಯ, ಅಂದರೆ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ‘ಯವ್ವಾ, ಈ ಬಿಸಿಲಾಗ ಯಾರರ ಸಸಿ ಹಚ್ತಾರೇನು? ಮಿರಗ ಕೂಡ್ಲಿ ತಡಿ. ಮೊದ್ಲು ಪುಂಡಿ ಹಾಕು, ಅದು ಯಾರ ಕೈಯಾಗರ ಬರ್ತೈತಿ’ ಅಂದರು. ಮಿರಗ ಅಂದರೆ ಜೂನ್‌ನಲ್ಲಿ ಶುರುವಾಗುವ ಮೃಗಶಿರಾ ಮಳೆ, ಪುಂಡಿ ಅಂದರೆ ಗೊಂಗುರ ಅನ್ನುವ ಹುಳಿ ಸೊಪ್ಪು. ಅವರ ಮಾತು ನೂರಕ್ಕೆ ನೂರು ಸರಿ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. 35 ದಾಟಿದರೇ ಟೊಮೆಟೊ ಹೂವು ಕಾಯಿ ಕಟ್ಟದೆ ಉದುರುತ್ತವೆ. ಜೊತೆಗೆ ಮಾಳಿಗೆಯ ಕಾವು ಕೆಳಗಿನಿಂದಲೂ ಬೇರಿಗೆ ತಾಗುತ್ತದೆ. ಹೊಸದಾಗಿ ಶುರು ಮಾಡುವವರು ಮಾರ್ಚ್‌ನಿಂದ ಮೇ ತನಕ ಸುಮ್ನೆ ಮಣ್ಣು, ಗೊಬ್ಬರ ಹೊಂದಿಸಿಕೊಳ್ಳಿ, ಬೀಜ ಮುಟ್ಟಬೇಡಿ.

ನಾನೂ ಹಾಗೇ ಮಾಡಿದೆ. ಕೆಂಪು ಮಸಾರಿ ಮಣ್ಣು ಎರಡು ಬುಟ್ಟಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಬುಟ್ಟಿ, ಭತ್ತದ ಹೊಟ್ಟು ಒಂದು ಬುಟ್ಟಿ, ಮೇಲೆ ಎರಡು ಹಿಡಿ ಬೇವಿನ ಹಿಂಡಿ. ಎಲ್ಲರೂ ತೆಂಗಿನ ನಾರಿನ ಪುಡಿ ಕೊಳ್ಳಿ ಅನ್ನುತ್ತಾರೆ. ನಮ್ಮೂರಲ್ಲಿ ರೈಸ್ ಮಿಲ್‌ಗಳಿಗೆ ಬರವೇ? ಹೊಟ್ಟು ಒಂದು ಚೀಲ ತಂದರೆ ವರ್ಷಕ್ಕೆ ಸಾಕು. ಅದು ಬೇಗ ಕೊಳೆಯುವುದಿಲ್ಲ, ಮಣ್ಣನ್ನು ಸಡಿಲವಾಗಿ ಇಡುತ್ತದೆ. ಹೊಟ್ಟಿನ ಜೊತೆ ಬಂದ ಕಾಳಿನಿಂದ ನಾಲ್ಕು ಭತ್ತದ ಸಸಿ ಮೊಳೆತವು, ಕಿತ್ತು ಹಾಕಿದೆ, ಅಷ್ಟೇ. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಒಡೆಯಬೇಕು, ಅಂಥ ಮಣ್ಣು ತಯಾರಾಯಿತು.

ಹನ್ನೆರಡು ಇಂಚಿನ ಆರು ಗ್ರೋ ಬ್ಯಾಗ್ ತಂದೆ, ಅದಕ್ಕಿಂತ ಜಾಸ್ತಿ ಬೇಡ ಅಂತ ನಿರ್ಧರಿಸಿದ್ದೆ. ನೀರು ಕುಡಿದ ಮೇಲೆ ಒಂದೊಂದೂ 20 ಕಿಲೋ ದಾಟುತ್ತದೆ. ಅದಕ್ಕೇ ಮಾಳಿಗೆ ನಡುವೆ ಇಡದೆ ಅಂಚಿನ ಗೋಡೆ ಗುಂಟ, ಎರಡೆರಡು ಇಟ್ಟಿಗೆಯ ಮೇಲೆ ಕೂರಿಸಿದೆ. ಹೆಚ್ಚಾದ ನೀರು ಹರಿದು ಹೋಗುತ್ತದೆ, ಸ್ಲ್ಯಾಬು ಒದ್ದೆಯಾಗಿ ಉಳಿಯುವುದಿಲ್ಲ.

ಮಿರಗದ ಮೊದಲ ಮಳೆ ಬಿದ್ದ ಮರುದಿನ ಬೀಜ ಹಾಕಿದೆ. ಮೂರರಲ್ಲಿ ಪುಂಡಿ, ಎರಡರಲ್ಲಿ ಬೆಂಡೆ, ಒಂದರಲ್ಲಿ ಮೆಂತ್ಯೆ. ಪುಂಡಿ ಐದನೇ ದಿನಕ್ಕೆ ಮಣ್ಣು ಎತ್ತಿಕೊಂಡು ಬಂತು. ಬಾಗಿದ ದಂಟು, ತುದಿಯಲ್ಲಿ ಬೀಜದ ಸಿಪ್ಪೆ ಟೋಪಿಯಂತೆ ಇನ್ನೂ ಅಂಟಿಕೊಂಡಿತ್ತು. ಬಿಸಿಲು ಏರುವಷ್ಟರಲ್ಲಿ ಸಿಪ್ಪೆ ಕಳಚಿ ಎರಡೆಲೆ ಬಿಚ್ಚಿದವು. ಆ ದಿನ ಮನೆಯವರನ್ನೆಲ್ಲ ಮೇಲೆ ಕರೆದು ತೋರಿಸಿದೆ.

ನೀರಿನ ವಿಷಯದಲ್ಲಿ ಈಗ ಗಡಿಯಾರ ನೋಡುವುದಿಲ್ಲ. ಎರಡು ಗೆಣ್ಣಿನ ತನಕ ಬೆರಳು ಮಣ್ಣಲ್ಲಿ ಇಳಿಸುತ್ತೇನೆ. ತಣ್ಣಗೆ, ಹಸಿ ಇದ್ದರೆ ಆ ದಿನ ನೀರಿಲ್ಲ. ಒಣ ಇದ್ದರೆ ಮುಂಜಾನೆಯೇ ಕೆಳಗಿನ ತೂತಿನಿಂದ ಹೊರಗೆ ಬರುವ ತನಕ ಹಾಕುತ್ತೇನೆ. ಮೇಲೆ ಒಣ ಎಲೆಯನ್ನೋ ಭತ್ತದ ಹುಲ್ಲನ್ನೋ ಹೊದಿಸಿದರೆ ಆರುವುದು ಕಡಿಮೆ.

ಆಗಸ್ಟ್‌ನಲ್ಲಿ ಬೆಂಡೆಗೆ ಬಿಳಿ ಹಿಟ್ಟಿನಂಥ ತಿಗಣೆ ಬಂತು. ಇರುವೆ ಸಾಲುಗಟ್ಟಿ ಗಿಡ ಹತ್ತುತ್ತಿದ್ದರೆ ಅನುಮಾನ ಪಡಿ, ತಿಗಣೆ ಬಿಡುವ ಸಿಹಿ ಅಂಟಿಗೆ ಅವು ಬರುತ್ತವೆ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಬೆರೆಯಲೆಂದು ನಾಲ್ಕು ಹನಿ ಸೋಪಿನ ನೀರು. ಸಂಜೆ ಹೊತ್ತು, ಎಲೆಯ ಕೆಳಗೂ ತಾಗುವಂತೆ ಹೊಡೆದೆ. ವಾರಕ್ಕೊಮ್ಮೆ ಹೀಗೆ ಮೂರು ಸಲ ಮಾಡಿದ ಮೇಲೆ ಹತೋಟಿಗೆ ಬಂತು. ತೀರಾ ಹತ್ತಿದ್ದ ಒಂದು ಗಿಡವನ್ನು ಕಿತ್ತೇ ಬಿಟ್ಟೆ. ಕಿತ್ತಿದ್ದಕ್ಕೆ ಉಳಿದವು ಬದುಕಿದವು ಅಂತಲೇ ನನ್ನ ನಂಬಿಕೆ.

ಮೆಂತ್ಯೆ ಮೂರೂವರೆ ವಾರಕ್ಕೆ ಕೈಗೆ ಬಂದಿತ್ತು. ಪುಂಡಿಗೆ ಸುಮಾರು ನಲವತ್ತು ದಿನ. ಗಿಡ ಕೀಳದೆ ತುದಿ ಮಾತ್ರ ಚಿವುಟಿದೆ. ಪಕ್ಕಕ್ಕೆ ಹೊಸ ಚಿಗುರು ಹೊಡೆದು ಮತ್ತೆ ಮತ್ತೆ ಕೊಟ್ಟಿತು. ಮೊದಲ ಸಲ ಬಿಡಿಸಿದ್ದಕ್ಕೆ ಬೇಳೆ, ಜೋಳದ ನುಚ್ಚು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿದೆ. ರೊಟ್ಟಿ ಜೊತೆ ಒಂದೇ ಹೊತ್ತಿಗೆ ಪಾತ್ರೆ ಖಾಲಿ.

ಎರಡು ಪುಂಡಿ ಗಿಡ ಮಾತ್ರ ಚಿವುಟದೆ ಬೀಜಕ್ಕೆ ಬಿಟ್ಟಿದ್ದೆ. ಕಾಯಿ ಒಣಗಿ ಒಡೆಯುವ ಮುಂಚೆ ಬಿಡಿಸಿ, ನೆರಳಲ್ಲಿ ಆರಿಸಿ, ಒಲೆ ಬೂದಿ ಬೆರೆಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟೆ. ಅದರಲ್ಲಿ ಒಂದು ಹಿಡಿ ಸಂತೆಯ ಅಜ್ಜಿಗೆ ಕೊಟ್ಟು ಬಂದೆ. ಉಳಿದದ್ದು ಅಡುಗೆಮನೆ ಗೂಡಿನಲ್ಲಿದೆ, ಮಿರಗಕ್ಕೆ ಕಾಯುತ್ತಿದ್ದೇನೆ.