ಪಿಚ್ಚರ್ ಹೆಂಗೈತಿ ಅಂತ ಕೇಳಿದ್ರ ಏನಂತ ಹೇಳ್ಬೇಕು

ಶೋ ಬಿಟ್ಟು ಹೊರಗ ಬಂದು ಪಾರ್ಕಿಂಗ್‌ನಾಗ ಇನ್ನೂ ಗಾಡಿ ಹುಡ್ಕಾಕತ್ತಿರ್ತೀವಿ, ಅಷ್ಟರಾಗ ಫೋನ್ ಬರ್ತೈತಿ, "ಲೇ ಹೆಂಗೈತಿ ಪಿಚ್ಚರ್?" ಅಂತ. ನಾವು "ಮಸ್ತ್ ಐತಿ ಮಾಮ" ಅಂತೀವಿ, ಇಲ್ಲಾ "ಏನಿಲ್ಲಪ, ರೊಕ್ಕ ದಂಡ" ಅಂತೀವಿ, ಮುಗೀತು. ಆ ಎರಡು ಮಾತು ನಂಬ್ಕೊಂಡು ಆ ಮನಷ್ಯಾ ಹೆಂಡ್ತಿ ಮಕ್ಕಳು ಅತ್ತಿ ಎಲ್ರನ್ನೂ ಆಟೋದಾಗ ಹಾಕ್ಕೊಂಡು ಹೋಗಿ, ಐದು ಟಿಕೆಟ್ಟು ಪಾಪ್‌ಕಾರ್ನು ಅಂತ ಸಾವಿರ ರೂಪಾಯಿ ಮ್ಯಾಲ ಕಳ್ಕೊಂಡು ಬಂದು, ಆಮ್ಯಾಲ ನಮಗ ಚಾ ಅಂಗಡಿ ಹತ್ರ ಸಿಕ್ಕಾಗ ಮುಖ ಕೊಟ್ಟು ಮಾತಾಡಂಗಿಲ್ಲ.

ನನಗಾ ಆಗೈತಿ ಇದು. ಕೊಪ್ಪಳದ ಕಡೆ ಇರೋ ನಮ್ಮ ದೊಡ್ಡವ್ವ ದಸರಾಕ್ಕ ಬಳ್ಳಾರಿಗೆ ಬಂದಿದ್ಲು, ಆಕಿಗೆ ಒಂದು ಪಿಚ್ಚರ್ ಬಾಳ ಚಲೋ ಐತಿ ಹೋಗಿ ಬಾ ಅಂದೆ. ನನಗ ಖರೇನಾ ಚಲೋ ಅನಿಸಿತ್ತು, ಸುಳ್ಳೇನು ಹೇಳಿರ್ಲಿಲ್ಲ. ಆಕಿ ಏಳು ವರ್ಷದ ಮೊಮ್ಮಗಳನ್ನ ಕರ್ಕೊಂಡು ಹೋದ್ಲು, ಶುರು ಆಗಿ ಹತ್ತು ನಿಮಿಷದಾಗ ಮಚ್ಚು, ರಕ್ತ, ಒಂದು ತಲಿ ಉರುಳ್ಕೊಂತ ಬಂದು ಕ್ಯಾಮೆರಾ ಮುಂದ ನಿಂತ್ಕೊಂತು. ಹುಡುಗಿ ಆಕಿ ಸೆರಗಿನಾಗ ಮುಖ ಮುಚ್ಕೊಂಡದ್ದು ತಗಿಲೇ ಇಲ್ಲಂತ. ಇಂಟರ್ವೆಲ್‌ನಾಗ ನನಗ ಫೋನ್ ಹಚ್ಚಿ, "ಯಪ್ಪಾ, ನಿಮ್ಮ ಊರಾಗ ಚಲೋ ಅಂದ್ರ ಇದಾ?" ಅಂದ್ಲು. ಬೈಲಿಲ್ಲ, ಅಷ್ಟ ಕೇಳಿ ಇಟ್ಲು.

ಅವತ್ತಿನಿಂದ ನಾನು ಒಂದು ತಿಳ್ಕೊಂಡೀನಿ, ಹೆಂಗೈತಿ ಅಂತ ಕೇಳೋರಿಗೆ ಪಿಚ್ಚರ್ ಬಗ್ಗೆ ನಮ್ಮ ಭಾಷಣ ಬೇಕಾಗಿರಂಗಿಲ್ಲ, ನಾನು ಹೋಗ್ಬೇಕೋ ಬ್ಯಾಡೋ ಅನ್ನೋದು ಬೇಕಾಗಿರ್ತೈತಿ. ಹಂಗಾಗಿ ಬಾಯಿ ತಗಿಯೋಕಿಂತ ಮೊದ್ಲು ಕೇಳಿದವ್ರು ಯಾರು, ಯಾರ ಜೋಡಿ ಹೊಂಟಾರ, ಯಾವ ಶೋಗೆ ಅಂತ ನಾವಾ ತಿರುಗಿ ಕೇಳ್ಬೇಕು. ನಮ್ಮ ಗೆಳೆಯ ಒಬ್ಬ ಇಲ್ಲೇ ಜೀನ್ಸ್ ಹೊಲಿಯೋ ಯೂನಿಟ್‌ನಾಗ ಅದಾನ, ವಾರಕ್ಕ ಒಂದು ರಜಾ, ಅವಗ ಮೂರು ತಾಸು ನಗು, ಹಾಡು, ಫೈಟು ಸಿಕ್ರ ಸಾಕು, ಕತಿಯಾಗ ಲಾಜಿಕ್ ಇಲ್ಲ ಅಂತ ನಾನು ಹೇಳಿದ್ರ ಅವಗ ಅದ್ರಿಂದ ಆಗೋದೇನು. ಇನ್ನೊಬ್ಬ ತೋರಣಗಲ್ಲಿನ ಕಡೆ ಫ್ಯಾಕ್ಟರಿದಾಗ ನೈಟ್ ಶಿಫ್ಟ್ ಮುಗಿಸಿ ಸೀದಾ ಮಾರ್ನಿಂಗ್ ಶೋಗೆ ಬರ್ತಾನ. ಅವಗ ಮೊದ್ಲು ಹೇಳ್ಬೇಕಾದ್ದು ಎಷ್ಟು ಉದ್ದ ಐತಿ ಅಂತ. 2024ರ ಡಿಸೆಂಬರ್‌ದಾಗ ಬಂದ ಪುಷ್ಪ 2 ಮೂರು ತಾಸು ಇಪ್ಪತ್ತು ನಿಮಿಷ ಇತ್ತು, ಸಾಲದ್ದಕ್ಕ ಜನವರಿದಾಗ ಇನ್ನೂ ಇಪ್ಪತ್ತು ನಿಮಿಷ ಸೇರಿಸಿ ಮತ್ತ ಬಿಟ್ರು. ಇವ ಜಾತ್ರಿ ಸೀನ್‌ನಾಗ ಅಷ್ಟು ಸೌಂಡ್ ಇದ್ರೂ ಗೊರಕಿ ಹೊಡ್ಯಾಕತ್ತಿದ್ದ. ಎದ್ದ ಮ್ಯಾಲ "ಸೆಕೆಂಡ್ ಹಾಫ್ ಲ್ಯಾಗ್ ಮಾರಾಯ" ಅಂದ ಅವನೌನ.

ಮಕ್ಕಳು ಹೊಂಟಾರ ಅಂದ್ರ ಸೆನ್ಸಾರ್ ಸರ್ಟಿಫಿಕೇಟ್ ಹೇಳ್ರಿ, ಅದು ನೆನಪಿಟ್ಕೊಳ್ಳೋದು ಕಷ್ಟ ಏನಲ್ಲ, ಟಿಕೆಟ್ ಬುಕ್ ಮಾಡೋ ಆ್ಯಪ್‌ನಾಗನೂ ಇರ್ತೈತಿ, ಪಿಚ್ಚರ್ ಶುರು ಆಗೋ ಮುಂದ ಪರದಿ ಮ್ಯಾಲನೂ ತೋರಿಸ್ತಾರ. ಮೊದ್ಲು ಬರೇ ಯುಎ ಅಂತ ಒಂದಾ ಇತ್ತು, ಈಗ 2024ರ ಹೊಸಾ ರೂಲ್ಸ್ ಬಂದ ಮ್ಯಾಲ ಅದನ್ನ ಯುಎ 7+, 13+, 16+ ಅಂತ ಮೂರು ಮಾಡ್ಯಾರ. ಎ ಅಂದ್ರ ಹದಿನೆಂಟು ಆಗಿರ್ಲೇಬೇಕು, ಯುಎ ಅಂದ್ರ ಅಪ್ಪ ಅವ್ವ ನೋಡ್ಕೊಂಡು ಕರ್ಕೊಂಡು ಹೋಗ್ಲಿ ಅಂತ. ನಾನು ದೊಡ್ಡವ್ವಗ "16+ ಐತಿ ಬೇ" ಅಂತ ಒಂದು ಮಾತು ಹೇಳಿದ್ರ ಹುಡುಗಿನ್ನ ಮನ್ಯಾಗ ಬಿಟ್ಟು ಹೋಗ್ತಿದ್ಲು.

ಎರಡ್ನೇದು, ನಮ್ಮ ಸ್ಥಿತಿ ಏನಿತ್ತು ಅನ್ನೋದನ್ನ ಲೆಕ್ಕದಾಗಿಂದ ತಗೀಬೇಕು. ಒಂದು ಸಲ ಮೇ ತಿಂಗಳು, ನಮ್ಮ ಬಳ್ಳಾರಿ ಬಿಸಲು ಗೊತ್ತಲ್ಲ, ಮ್ಯಾಟ್ನಿಗೆ ಹೋಗಿದ್ದೆ, ಟಾಕೀಸಿನ ಏಸಿ ಕೆಟ್ಟಿತ್ತು, ಮ್ಯಾಲಿನ ಫ್ಯಾನ್ ಕಿರ್ರ್ ಕಿರ್ರ್ ಅನ್ನಾಕತ್ತಿತ್ತು, ಸೀಟಿಗೆ ಬೆನ್ನು ಅಂಟ್ಕೊಂಡು ಎದ್ದಾಗೊಮ್ಮೆ ಅಂಗಿ ಚರ್ರ್ ಅಂತಿತ್ತು, ಪಕ್ಕದಾಗಿನವ ಇಡೀ ಪಿಚ್ಚರ್ ಫೋನ್‌ನಾಗ ಯಾವ್ದೋ ಸೈಟಿನ ವ್ಯವಹಾರ ಮಾತಾಡಿದ. ಹೊರಗ ಬಂದು ಸ್ಟೇಟಸ್ ಹಾಕಿದೆ, "ಬೋರ್, ಹೋಗಬ್ಯಾಡ್ರಿ" ಅಂತ. ಎರಡು ತಿಂಗಳ ಮ್ಯಾಲ ಅದಾ ಪಿಚ್ಚರ್ ಓಟಿಟಿಗೆ ಬಂತು, ರಾತ್ರಿ ಮಾಳಗಿ ಮ್ಯಾಲ ಚಾಪಿ ಹಾಸ್ಕೊಂಡು ನೋಡಿದೆ, ಏನ್ ಚಂದ ಐತಿ ಅದು! ನನಗ ಬೋರ್ ಆಗಿದ್ದು ಏಸಿ. ಡೈರೆಕ್ಟರ್‌ಗೆ ಸುಮ್ನ ಬೈದಿದ್ದೆ. ಈಗೀಗ ಏನ್ ಮಾಡ್ತೀನಿ ಅಂದ್ರ ಹೊರಗ ಬಂದ ತಕ್ಷಣ ಏನೂ ಹೇಳಂಗಿಲ್ಲ, ಒಂದು ಪ್ಲೇಟ್ ಒಗ್ಗರಣಿ ಮಿರ್ಚಿ ತಿಂದು ಚಾ ಕುಡುದು ಆಮ್ಯಾಲ ಮಾತಾಡ್ತೀನಿ. ಹೊಟ್ಟಿ ಹಸದವನ ರಿವ್ಯೂ ಯಾರೂ ನಂಬಬಾರ್ದು.

ಕತಿ ಎಷ್ಟು ಹೇಳ್ಬೇಕು ಅನ್ನೋದು ದೊಡ್ಡ ಜಗಳ. ಕೆಲವ್ರು ಏನೂ ಹೇಳಂಗಿಲ್ಲ, ಕೆಲವ್ರು ಕ್ಲೈಮ್ಯಾಕ್ಸ್‌ನಾಗ ಯಾರು ಸಾಯ್ತಾರ ಅನ್ನೋದ್ರಿಂದಾನ ಶುರು ಮಾಡ್ತಾರ. ನನ್ನ ಲೆಕ್ಕ ಏನಂದ್ರ ಟ್ರೈಲರ್‌ನಾಗ ಇರೋದು, ಅದ್ರ ಮ್ಯಾಲ ಮೊದ್ಲ ಇಪ್ಪತ್ತು ನಿಮಿಷದಾಗ ಗೊತ್ತಾಗೋದು, ಅಷ್ಟ. 2025ರ ಜುಲೈದಾಗ ಬಂದ ಸು ಫ್ರಮ್ ಸೋ ಬಗ್ಗೆ ಹೇಳ್ಬೇಕಂದ್ರ, ಕರಾವಳಿ ಕಡೆ ಒಂದು ಊರು, ಒಬ್ಬ ಹುಡುಗನ ಮೈಯಾಗ ಸುಲೋಚನಾ ಅನ್ನೋ ಹೆಣ್ಣಿನ ದೆವ್ವ ಹೊಕ್ಕೈತಿ ಅಂತ ಇಡೀ ಊರು ನಂಬ್ಕೊಂಡು ಬಿಡ್ತೈತಿ, ಆಮ್ಯಾಲ ನಗಾಡಿ ನಗಾಡಿ ಹೊಟ್ಟಿ ನೋವು. ಇಷ್ಟ ಹೇಳಿದ್ರ ಸಾಕು, ಮುಂದಿಂದು ಅವ್ರು ನೋಡ್ಕೊಂತಾರ. ದೊಡ್ಡ ಸ್ಟಾರ್ ಹೀರೋ ಇಲ್ದ ಆ ಪಿಚ್ಚರ್ ಓಡಿದ್ದು ನಮ್ಮಂಥೋರು ಒಬ್ರಿಗೊಬ್ರು ಹೇಳಿದ್ದಕ್ಕ, ಅದೂ ನೆನಪಿರ್ಲಿ. ಇನ್ನು 777 ಚಾರ್ಲಿ ನೋಡಾಕ ಹೊಂಟೋರಿಗೆ ನಮ್ಮ ಓಣಿ ಅಕ್ಕ ಒಬ್ರು ಹೇಳಿದ್ದು ಒಂದಾ ಮಾತು, "ನಾಯಿ ಪಿಚ್ಚರ್ ರೀ, ಕರ್ಚೀಫ್ ಒಯ್ರಿ". ಕತಿ ಒಂದು ಎಳಿನೂ ಬಿಚ್ಚಲಿಲ್ಲ, ಹೇಳ್ಬೇಕಾದ್ದೆಲ್ಲಾ ಹೇಳಿ ಮುಗಿಸಿದ್ರು. ಇದಕ್ಕಿಂತ ಚಲೋ ರಿವ್ಯೂ ನಾನು ಕೇಳಿಲ್ಲ.

ಮತ್ತ ಭಾಷಾ. ಬಳ್ಳಾರಿಯಾಗ ಇದು ಬಾಳ ಮುಖ್ಯ, ಯಾಕಂದ್ರ ನಾವು 1953ರ ತನಕ ಮದ್ರಾಸ್ ರಾಜ್ಯದಾಗ ಇದ್ದೋರು, ಊರಾಗ ಬಾಳ ಮಂದಿಗೆ ತೆಲುಗು ಮನಿ ಮಾತು, ತೆಲುಗು ಪಿಚ್ಚರ್ ತೆಲುಗುನಾಗ ನೋಡೋದು ನಮಗ ಹೊಸಾದಲ್ಲ. ರಾಯಚೂರು ಕೊಪ್ಪಳ ನಿಜಾಮನ ಕಡೆ ಇದ್ದೂವು, ಅಲ್ಲಿ ಹಿಂದಿ ಉರ್ದುನೂ ಅಷ್ಟ ಸಲೀಸು. ಹಂಗಾಗಿ ಯಾವ ಭಾಷಾದಾಗ ನೋಡಿದ್ರಿ ಅಂತ ಹೇಳ್ರಿ. ಡಬ್ಬಿಂಗ್ ನೋಡಿ ಬಂದು ಡೈಲಾಗ್ ಸಪ್ಪಗದಾವ ಅನ್ನೋದು, ಅದನ್ನ ಕೇಳಿ ಇನ್ನೊಬ್ಬ ಮೂಲ ಭಾಷಾದ ಶೋನೂ ಬಿಟ್ಟು ಬಿಡೋದು, ಆ ತಪ್ಪು ನಮ್ಮದಾ. ಸು ಫ್ರಮ್ ಸೋದಾಗ ಮಂಗಳೂರು ಕನ್ನಡ, ನನಗ ಮೊದ್ಲ ಕಾಲು ತಾಸು ಕಿವಿಗೆ ಹೊಂದಲಿಲ್ಲ, ಆಮ್ಯಾಲ ಹತ್ತಿ ಬಿಡ್ತು. ಇದನ್ನ ಮೊದ್ಲಾ ಹೇಳಿಟ್ರ ನಮ್ಮ ಮಂದಿ ತಾಳ್ಮಿ ಮಾಡ್ಕೊಂಡು ಕೂಡ್ತಾರ.

ಈಗ ಅಸಲಿ ಕೆಲಸ, ಚಲೋ ಐತಿ ಅಂದ್ರ ಯಾವ್ದು ಚಲೋ ಅಂತ ಹೇಳೋದು. ಮೇಕಿಂಗ್ ಸೂಪರ್, ಬಿಜಿಎಂ ಬೆಂಕಿ, ಎಲಿವೇಶನ್ ನೆಕ್ಸ್ಟ್ ಲೆವೆಲ್, ಒನ್ ಟೈಮ್ ವಾಚ್, ಈ ಮಾತು ಎಲ್ಲಾ ರೀಲ್ಸ್‌ನಾಗ ದಿನಾ ಕೇಳಿ ಕೇಳಿ ನಮ್ಮ ಬಾಯಿಗೂ ಬಂದು ಕುಂತಾವ. ಅದನ್ನ ಬಿಟ್ಟು, ನಿಮಗ ರಾತ್ರಿ ಮಕ್ಕೊಂಡಾಗ ನೆನಪಾದ ಒಂದು ಸಂಗತಿ ಹೇಳ್ರಿ. ಶಿವಮ್ಮ ಯರೇಹಂಚಿನಾಳ ಅಂತ ಒಂದು ಪಿಚ್ಚರ್, 2022ರಾಗ ದಕ್ಷಿಣ ಕೊರಿಯಾದ ಬೂಸಾನ್ ಫಿಲ್ಮ್ ಫೆಸ್ಟಿವಲ್‌ನಾಗ ಹೊಸಾ ಡೈರೆಕ್ಟರ್‌ಗಳಿಗೆ ಕೊಡೋ ನ್ಯೂ ಕರೆಂಟ್ಸ್ ಪ್ರಶಸ್ತಿ ತಗೊಂಡು ಬಂತು, ನಮ್ಮ ಟಾಕೀಸಿಗೆ ಬಂದದ್ದು 2024ರಾಗ. ಕೊಪ್ಪಳ ಜಿಲ್ಲಾದ್ದಾ ಊರು ಅದು. ಸಾಲ್ಯಾಗ ಅಡಿಗಿ ಮಾಡೋ ಹೆಣ್ಮಗಳು, ಗಂಡಗ ಲಕ್ವಾ ಹೊಡದೈತಿ, ಹೆಂಗರ ಮಾಡಿ ಅವನ್ನ ಎಬ್ಬಸ್ಬೇಕು ಅಂತ ನೆಟ್‌ವರ್ಕ್ ಮಾರ್ಕೆಟಿಂಗ್‌ನಾಗ ರೊಕ್ಕ ಹಾಕಿ ಡಬ್ಬಿ ಮಾರಾಕ ಹೊಕ್ಕಾಳ. ಇದನ್ನ ನಾನು "ರಿಯಲಿಸ್ಟಿಕ್ ಐತಿ" ಅಂತ ವಾಟ್ಸಾಪ್ ಗುಂಪಿನಾಗ ಹಾಕಿದ್ದೆ, ಒಬ್ರೂ ತಿರುಗಿ ನೋಡ್ಲಿಲ್ಲ.

ಮರುದಿನ ಹೊಸದಾಗಿ ಬರದೆ. ನಮ್ಮ ಮನಿ ಅಡಿಗಿ ಮನ್ಯಾಗ ಜ್ವಾಳದ ಹಿಟ್ಟಿನ ಡಬ್ಬಿ ಪಕ್ಕ ಇವತ್ತಿಗೂ ಒಂದು ಪ್ರೋಟೀನ್ ಪುಡಿ ಡಬ್ಬಿ ಐತಿ, ಸೀಲ್ ಸೈತ ಒಡದಿಲ್ಲ, ಓಣ್ಯಾಗಿನ ಚಿಗವ್ವ ಒಬ್ಬಾಕಿ ಮನಿ ಮನಿ ತಿರುಗಿ ಮಾರಾಕ ಬಂದಾಗ ನಮ್ಮವ್ವ ಮುಖ ಮುರಿಯಾಕಾಗ್ದ ತಗೊಂಡಿದ್ದು, ಆಕಿ ಕುಂತಲ್ಲೇ ಅಳಾಕತ್ತಿದ್ಲು ಇದೊಂದು ತಗೋರಿ ಅಕ್ಕಾ ಅಂತ, ಈ ಪಿಚ್ಚರ್ ನೋಡುವಾಗ ನನಗ ಆ ಡಬ್ಬಿನಾ ಕಣ್ಣ ಮುಂದ ಬರ್ತಿತ್ತು, ಅಂತ ಬರದೆ. ಸಂಜಿ ಆಗೋದ್ರಾಗ ಆರು ಮಂದಿ ಎಲ್ಲೈತಿ ಶೋ ಅಂತ ಕೇಳಿದ್ರು. ಎಲ್ರ ಮನ್ಯಾಗೂ ಅಂಥದ್ದೊಂದು ಡಬ್ಬಿ ಇತ್ತು ಅಂತ ಕಾಣಿಸ್ತೈತಿ.

ಬೋರ್ ಆಗೈತಿ ಅಂದ್ರೂ ಹಂಗಾ, ಎಲ್ಲಿ ಬೋರ್ ಆತು ಅಂತ ಹೇಳ್ರಿ. ಇಂಟರ್ವೆಲ್ ಆದ ಮ್ಯಾಲ ಫ್ಲ್ಯಾಶ್‌ಬ್ಯಾಕ್ ಅರ್ಧ ತಾಸು ಹೊಡದಾರ ಅಂದ್ರ ಅದು ಉಪಯೋಗಕ್ಕ ಬರ್ತೈತಿ, ಬೇಕಾದವ್ರು ಆ ಟೈಮಿಗೆ ಎದ್ದು ಹೋಗಿ ಬರ್ತಾರ. ಬರೇ ಲ್ಯಾಗ್ ಅಂದ್ರ ಏನೂ ಹೇಳಿದಂಗ ಆಗ್ಲಿಲ್ಲ, ನಿಧಾನ ಇರೋದೆಲ್ಲಾ ಲ್ಯಾಗ್ ಅಲ್ಲ.

ಗುಂಪಿಗೆ ಬರಿಯೋದಾದ್ರ ನಾಕೈದು ಸಾಲು ಸಾಕು, ಆರ್ಟಿಕಲ್ ಬರಿಬ್ಯಾಡ್ರಿ. ನಾನು ಫೋಟೋ ಅನ್ನೋ ಪಿಚ್ಚರ್‌ಗೆ ಹಾಕಿದ್ದು ಹಿಂಗಿತ್ತು: "ಫೋಟೋ ನೋಡಿದೆ. ರಾಯಚೂರು ಕಡೆ ಹುಡುಗ, ವಿಧಾನಸೌಧದ ಮುಂದ ನಿಂತು ಫೋಟೋ ತಗಿಸ್ಕೋಬೇಕು ಅಂತ ಆಸಿ, ಅಪ್ಪ ಬೆಂಗಳೂರಾಗ ದುಡ್ಯಾಕ ಹೋಗ್ಯಾನ, ಇವ ಅಲ್ಲಿಗೆ ಹೋದ ಹೊತ್ತಿಗೆ ಲಾಕ್‌ಡೌನ್. ಫೈಟು ಡ್ಯಾನ್ಸು ಇಲ್ಲ, ಮೆಲ್ಲಕ ನಡಿತೈತಿ. ಮಾತು ನಮ್ಮ ಕಡೆವಾ. 2020ರಾಗ ನಿಮ್ಮ ಮನಿ ಮಂದಿ ಯಾರರ ನಡ್ಕೊಂತ ಊರಿಗೆ ಬಂದಿದ್ರ ಒಬ್ರಾ ಹೋಗಬ್ಯಾಡ್ರಿ, ಜೋಡಿ ಯಾರನ್ನರ ಕರ್ಕೊಂಡು ಹೋಗ್ರಿ. ಟೈಂಪಾಸ್‌ಗೆ ಹೋಗೋದಾದ್ರ ಇದು ಬ್ಯಾಡ." ಅಷ್ಟ. ಸ್ಟಾರ್ ಗೀರ್ ಹಾಕ್ಲಿಲ್ಲ, ಐದಕ್ಕ ಮೂರೂವರಿ ಅಂದ್ರ ಆ ಅರ್ಧ ಸ್ಟಾರ್ ಎಲ್ಲಿ ಹೋತು ಅಂತ ಯಾರಿಗೆ ಗೊತ್ತು.

ಮಾತಿನ ಬದಲಿ ಪರದಿ ವಿಡಿಯೋ ಹೊಡದು ಸ್ಟೇಟಸ್‌ಗೆ ಹಾಕೋರು ಅದಾರ, ಹೀರೋ ಎಂಟ್ರಿ, ಕ್ಲೈಮ್ಯಾಕ್ಸು, ಎಲ್ಲಾ. ನೋಡೋರ ಮಜಾ ಹೋಗೋದು ಒಂದು ಕಡೆ ಇರ್ಲಿ, 2023ರಾಗ ಸಿನಿಮಾ ಕಾಯ್ದೆ ತಿದ್ದಿ ಹಂಗ ಟಾಕೀಸಿನಾಗ ಕದ್ದು ರೆಕಾರ್ಡ್ ಮಾಡೋದಕ್ಕ ಕಡಿಮಿ ಅಂದ್ರೂ ಮೂರು ತಿಂಗಳು ಜೈಲು, ಮೂರು ಲಕ್ಷ ದಂಡ ಅಂತ ಮಾಡ್ಯಾರ. ಟಿಕೆಟ್ ಫೋಟೋ ಹಾಕ್ರಿ ಸಾಕು.

ಫ್ಯಾನ್ಸ್ ಜೋಡಿ ಹೆಂಗ ಮಾತಾಡ್ಬೇಕು ಅಂತ ಒಬ್ಬ ತಮ್ಮ ಕೇಳಿದ್ದ. ಕಟೌಟ್‌ಗೆ ಹಾಲು ಹಾಕಿ ಬಂದು ಇನ್ನೂ ಕೈ ಒರಸ್ಕೊಂಡಿರಂಗಿಲ್ಲ, ಅವ್ನ ಮುಂದ ಹೋಗಿ ಕತಿ ಇಲ್ಲ ಅನ್ನಬ್ಯಾಡ್ರಿ, ಸೋಮವಾರ ಹೇಳ್ರಿ. ಅವತ್ತಿಗೆ ಅವನಾ "ಡೈರೆಕ್ಟರ್ ನಮ್ಮ ಬಾಸ್‌ನ್ನ ಸರಿಯಾಗಿ ಬಳಸ್ಕೊಂಡಿಲ್ಲಣ್ಣ" ಅಂತ ಶುರು ಮಾಡ್ತಾನ, ನೀವು ಹೂಂ ಅಂದ್ರ ಮುಗೀತು. ನಮ್ಮ ಅಜ್ಜನ ಕಾಲದಾಗ ಕಂಪನಿ ನಾಟಕಕ್ಕ ಹೋದ್ರ ಇಷ್ಟೆಲ್ಲಾ ಇರ್ಲಿಲ್ಲ, ಸೇರಿದ್ರ ಒನ್ಸ್ ಮೋರ್, ಸೇರ್ಲಿಲ್ಲಂದ್ರ ಕುರ್ಚಿ ಸಪ್ಪಳ, ಪಾತ್ರದವ್ರಿಗೆ ಅಲ್ಲೇ ಗೊತ್ತಾಗ್ತಿತ್ತು.

ಕಡಿಗೆ ಒಂದು, ಸಣ್ಣ ಪಿಚ್ಚರ್ ಚಲೋ ಇತ್ತಂದ್ರ ಶನಿವಾರನಾ ಹೇಳ್ಬೇಕು. ನಮ್ಮ ಕಡೆ ಅವಕ್ಕ ಕೊಡೋದಾ ದಿನಕ್ಕ ಒಂದೋ ಎರಡೋ ಶೋ, ಮಂದಿ ಇಲ್ಲಂದ್ರ ಅದೂ ಉಳಿಯಂಗಿಲ್ಲ, ಶುಕ್ರವಾರ ಮತ್ತೊಂದು ದೊಡ್ಡದು ಬಂದು ಕುಂದ್ರತೈತಿ. ನಾನು ಒಂದ್ಸಲ ಬಾಳ ಯೋಚನಿ ಮಾಡಿ, ಪದ ಎಲ್ಲಾ ಸರಿ ಮಾಡಿ, ಬುಧವಾರ ರಾತ್ರಿ ಗುಂಪಿಗೆ ಹಾಕಿದೆ. ಜೀನ್ಸ್ ಯೂನಿಟ್‌ನ ಗೆಳೆಯ ಅದನ್ನ ಓದಿ, ರಜಾ ಇರೋ ದಿನ ಹೆಂಡ್ತಿನ್ನ ಕರ್ಕೊಂಡು ಹೋಗ್ಯಾನ, ಅಷ್ಟರಾಗ ಪೋಸ್ಟರ್ ಹರದು ಅದ್ರ ಮ್ಯಾಲ ಬ್ಯಾರೇದ್ದು ಅಂಟ್ಸಿದ್ರಂತ. ಇಬ್ರೂ ಟಾಕೀಸ್ ಮುಂದಿನ ಬಂಡ್ಯಾಗ ಮಿರ್ಚಿ ತಿಂದು ಮನಿಗೆ ಬಂದ್ರು. ರಾತ್ರಿ ಮೆಸೇಜ್ ಹಾಕ್ಯಾನ, "ಮಿರ್ಚಿ ಚಲೋ ಇದ್ವು ಮಾಮ, ಖಾರ ಸ್ವಲ್ಪ ಜಾಸ್ತಿ, ಮಕ್ಕಳನ್ನ ಕರ್ಕೊಂಡು ಹೋಗಬ್ಯಾಡ್ರಿ".